ಹರಿಹರದ ಜನ ಹೇಗೆ?
ಕೆಲಸದ ಮೇಲೆ ಹರಿಹರಕ್ಕೆ ಬರುತ್ತಿದ್ದೀರಿ, ಜನ ಹೇಗೆ ಅಂತ ಕೇಳಿದ್ದೀರಿ. ಇದು ಪಾಳಿ ಲೆಕ್ಕದಲ್ಲಿ ಬದುಕಿದ ಊರು. 1941ರಲ್ಲಿ ಇಲ್ಲೇ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮಷೀನ್ ತಯಾರಾಗುತ್ತಿತ್ತು. ಅದು ಮುಚ್ಚಿ ಎರಡು ದಶಕ ದಾಟಿದರೂ ಹಿರಿಯರು ‘ನಾನು ಕಿರ್ಲೋಸ್ಕರ್‌ನವನು’ ಎಂದೇ ಪರಿಚಯ ಮಾಡಿಕೊಳ್ಳುತ್ತಾರೆ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ. ಕೈಕೆಲಸ ಬಲ್ಲವರ ಜಂಬ ಅದು.

ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂನಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಜಿಲ್ಲೆ ಹಾವೇರಿ, ಆದರೆ ಅಲ್ಲಿನ ಎಷ್ಟೋ ಕೆಲಸಗಾರರ ಮನೆ, ಸಂತೆ ಎಲ್ಲ ಹರಿಹರದಲ್ಲೇ.

ಮಾತು ಒರಟು. ‘ಏನಲೇ’ ಅಂದರೆ ಬೈದರು ಅಂದುಕೊಳ್ಳಬೇಡಿ. ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ನಿಂತರೆ ಯಾವೂರು, ಏನ್ ಕೆಲಸ, ಬಾಡಿಗೆ ಎಷ್ಟು ಅಂತ ಕೇಳಿಯೇ ಕೇಳುತ್ತಾರೆ. ಬಾಡಿಗೆ ಜಾಸ್ತಿ ಅನಿಸಿದರೆ ಬೇರೆ ಮನೆಯನ್ನೂ ಅವರೇ ತೋರಿಸುತ್ತಾರೆ.