60 ಇ-ಮೇಲ್‌ಗೆ ಒಂದೂ ಉತ್ತರವಿಲ್ಲ: ಪೋಸ್ಟ್‌ಡಾಕ್ ಹುಡುಕುವುದು ಹೇಗೆ?

ಪ್ರಶ್ನೆ: ಸೋಡಿಯಂ ಅಯಾನ್ ಬ್ಯಾಟರಿಯ ಕ್ಯಾಥೋಡ್ ವಸ್ತುಗಳ ಮೇಲೆ ಪಿಎಚ್.ಡಿ. ಮಾಡಿ ಎರಡು ತಿಂಗಳ ಹಿಂದೆ ಮಹಾಪ್ರಬಂಧ ಸಲ್ಲಿಸಿದ್ದೇನೆ. ವೈವಾ (ಮೌಖಿಕ ಪರೀಕ್ಷೆ) ಇನ್ನೂ ಆಗಿಲ್ಲ. ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಕೇಳಿ ಜರ್ಮನಿ, ಅಮೆರಿಕದ 60 ಪ್ರೊಫೆಸರ್‌ಗಳಿಗೆ ಒಂದೇ ಇ-ಮೇಲ್ ಕಳಿಸಿದೆ, ಯಾರೂ ಉತ್ತರಿಸಿಲ್ಲ. ವೈವಾ ಮುಗಿಯುವವರೆಗೆ ಕಾಯಲೇ? ನಮ್ಮ ದೇಶದಲ್ಲೇ ಅವಕಾಶವಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಕಾಯಬೇಡಿ. ಈ ಹುಡುಕಾಟಕ್ಕೆ 9–12 ತಿಂಗಳು ಬೇಕಾಗುವುದುಂಟು. ಆದರೆ 61ನೆಯ ಇ-ಮೇಲ್ ಅದೇ ಆಗಿರಬಾರದು.

ಉತ್ತರ ಬಾರದಿದ್ದರೆ ನಿಮ್ಮ ಕೆಲಸ ಕಳಪೆ ಎಂದರ್ಥವಲ್ಲ. ಎಷ್ಟೋ ಸಲ ಆ ಪ್ರೊಫೆಸರರ ಪ್ರಾಜೆಕ್ಟಿನಲ್ಲಿ ಆಗ ದುಡ್ಡೇ ಇರುವುದಿಲ್ಲ. ಪೋಸ್ಟ್‌ಡಾಕ್ ಸಂಬಳ ಒಂದೋ ಅವರ ಅನುದಾನದಿಂದ ಬರಬೇಕು, ಇಲ್ಲವೇ ನೀವು ಗೆದ್ದು ತರುವ ಫೆಲೋಶಿಪ್‌ನಿಂದ. ಯಾವ ಫೆಲೋಶಿಪ್‌ಗೆ ಅರ್ಜಿ ಹಾಕುತ್ತೀರಿ ಎಂಬುದನ್ನು ಮೊದಲ ಇ-ಮೇಲ್‌ನಲ್ಲೇ ಬರೆಯಿರಿ. ಆಗ ಅವರು ಓದುವ ರೀತಿಯೇ ಬೇರೆ.

ಇ-ಮೇಲ್ 200 ಪದ ಮೀರದಿರಲಿ. ‘ನಿಮ್ಮ ಸಂಶೋಧನೆ ತುಂಬಾ ಇಷ್ಟವಾಯಿತು’ ಎಂಬ ಸಾಲು ಯಾರಿಗೂ ಹೊಂದುತ್ತದೆ, ಹಾಗಾಗಿ ಯಾರನ್ನೂ ತಟ್ಟುವುದಿಲ್ಲ. ಅವರ ಇತ್ತೀಚಿನ ಒಂದು ಪ್ರಬಂಧ ಹೆಸರಿಸಿ, ಅದರಲ್ಲಿ ಉಳಿದಿರುವ ಯಾವ ಪ್ರಶ್ನೆಗೆ ನಿಮ್ಮ ಕೌಶಲ ಒದಗುತ್ತದೆ ಎಂದು ಹೇಳಿ. ‘ಬ್ಯಾಟರಿಯಲ್ಲಿ ಅನುಭವವಿದೆ’ ಎನ್ನುವ ಬದಲು, ಗ್ಲೋವ್‌ಬಾಕ್ಸ್‌ನಲ್ಲಿ (ಗಾಳಿ, ತೇವ ತಾಗದ ಮುಚ್ಚಿದ ಪೆಟ್ಟಿಗೆ) ಕಾಯಿನ್ ಸೆಲ್ (ನಾಣ್ಯದಾಕಾರದ ಪುಟ್ಟ ಬ್ಯಾಟರಿ) ಜೋಡಿಸಿದ್ದೀರಾ, ರೀಟ್‌ವೆಲ್ಡ್ ವಿಶ್ಲೇಷಣೆ (ಎಕ್ಸ್-ರೇ ದತ್ತಾಂಶದಿಂದ ಹರಳಿನ ರಚನೆ ತಿಳಿಯುವ ವಿಧಾನ) ಸ್ವತಃ ಮಾಡಿದ್ದೀರಾ, ಚಾರ್ಜ್-ಡಿಸ್ಚಾರ್ಜ್‌ನ ಎಷ್ಟು ಸೈಕಲ್ ಬಳಿಕ ಎಷ್ಟು ಶೇಕಡಾ ಸಾಮರ್ಥ್ಯ ಉಳಿಯಿತು ಎಂಬುದನ್ನೇ ಬರೆಯಿರಿ. ಸೇರಬಲ್ಲ ತಿಂಗಳು, ಎರಡು ಪುಟದ ಸಿವಿ, ಶಿಫಾರಸು ಮಾಡುವ ಮೂವರ ಹೆಸರು ಇರಲಿ. ಆ ಮೂವರಿಗೆ ಮೊದಲೇ ತಿಳಿಸಿ. ಶಿಫಾರಸು ಪತ್ರ ತಡವಾಗಿ ಅರ್ಜಿ ಬಿದ್ದುಹೋಗುವುದು ನಿಜಕ್ಕೂ ನೋವಿನ ಸಂಗತಿ. ಎರಡು ವಾರ ಕಳೆದರೆ ಒಂದೇ ಒಂದು ಸಲ ನೆನಪಿಸಿ.

ಜರ್ಮನಿಯ ಹುಂಬೋಲ್ಟ್ ಫೆಲೋಶಿಪ್ ಪಿಎಚ್.ಡಿ. ಮುಗಿದು 4 ವರ್ಷ ದಾಟದ ಪೋಸ್ಟ್‌ಡಾಕ್‌ಗಳಿಗೆ. ಅರ್ಜಿಗೆ ಕೊನೆಯ ದಿನಾಂಕವಿಲ್ಲ, ಆತಿಥೇಯ ಪ್ರೊಫೆಸರರ ಒಪ್ಪಿಗೆ ಮಾತ್ರ ಬೇಕೇ ಬೇಕು. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ. ಪದವಿ ಪತ್ರ ಕೈಗೆ ಬಾರದಿದ್ದರೂ ಅಷ್ಟರೊಳಗೆ ವೈವಾ ಯಶಸ್ವಿಯಾಗಿ ಮುಗಿದಿರಬೇಕು. ಹಾಗಾಗಿ ವೈವಾ ದಿನಾಂಕಕ್ಕಾಗಿ ವಿಶ್ವವಿದ್ಯಾಲಯದ ಬೆನ್ನು ಬೀಳಿ. ಅಮೆರಿಕದಲ್ಲಿ ನಿಮ್ಮಂಥವರಿಗೆ ಹೆಚ್ಚಾಗಿ ಪ್ರಾಜೆಕ್ಟ್ ಹಣವೇ ದಾರಿ; ಆಫರ್ ಬಂದ ಮೇಲೆ ಜೆ-1 ವೀಸಾಕ್ಕೆ (ವಿನಿಮಯ ಸಂದರ್ಶಕರ ವೀಸಾ) ಬೇಕಾದ ಡಿಎಸ್-2019 ಪತ್ರವನ್ನು ವಿಶ್ವವಿದ್ಯಾಲಯವೇ ಕೊಡುತ್ತದೆ.

ಇಲ್ಲಿಯೂ ಅವಕಾಶವಿದೆ. ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ), ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳ ಪ್ರಾಜೆಕ್ಟ್‌ಗಳಲ್ಲಿನ ರಿಸರ್ಚ್ ಅಸೋಸಿಯೇಟ್ ಜಾಹೀರಾತು ನೋಡುತ್ತಿರಿ; ಕೇಂದ್ರ ಸರ್ಕಾರ 2023ರಲ್ಲಿ ಪರಿಷ್ಕರಿಸಿದ ದರದಂತೆ ತಿಂಗಳಿಗೆ ₹58,000ದಿಂದ ₹67,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಎರಡು ವರ್ಷದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೂ ಯತ್ನಿಸಿ. ಅದಕ್ಕೆ ನಿಮ್ಮ ಪಿಎಚ್.ಡಿ. ಗೈಡ್ ಅವರನ್ನೇ ಮಾರ್ಗದರ್ಶಕರನ್ನಾಗಿ ತೋರಿಸುವಂತಿಲ್ಲ. ಬೇರೆ ಸಂಸ್ಥೆಯವರ ಒಪ್ಪಿಗೆಯನ್ನು ಈಗಲೇ ಕೇಳಿಡಿ.