ಓದುಗರ ಪ್ರಶ್ನೆ: ಹಳೆಯ ರೈಡ್‌ಗಳಿಗೆ ಹೊಸ ವೇಷ

2025ರ ಜುಲೈನಲ್ಲಿ ಫ್ಲೋರಿಡಾದಲ್ಲಿರುವ ಡಿಸ್ನಿ ಕಂಪನಿಯ ಮ್ಯಾಜಿಕ್ ಕಿಂಗ್‌ಡಂ ಉದ್ಯಾನದ ನದಿಯನ್ನು ಮುಚ್ಚಿದ ಮೇಲೆ ಥೀಮ್ ಪಾರ್ಕ್‌ಗಳ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕವನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆ. ಅವುಗಳಲ್ಲಿ ಐದನ್ನು ಆರಿಸಿ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡನ್ನು ವಾಲ್ಟ್ ಡಿಸ್ನಿಯವರು ತಾವೇ ಮುಂದೆ ನಿಂತು ಕಟ್ಟಿಸಿದರು. ಅವರ ಕಾಲದ ರೈಡ್‌ಗಳನ್ನು ಈಗಿನವರು ತಿದ್ದುವುದು, ತೀರಿಹೋದ ಕಲಾವಿದನ ಚಿತ್ರದ ಮೇಲೆ ಬೇರೊಬ್ಬರು ಬಣ್ಣ ಬಳಿದಂತಾಗುವುದಿಲ್ಲವೇ?

ಉತ್ತರ: ಚಿತ್ರದ ಹೋಲಿಕೆ ಇಲ್ಲಿ ಅರ್ಧ ಮಾತ್ರ ಹೊಂದುತ್ತದೆ. 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಎಂದಿಗೂ ಪೂರ್ಣವಾಗುವುದಿಲ್ಲ ಎಂದು ಹೇಳಿದವರು ವಾಲ್ಟ್ ಡಿಸ್ನಿಯವರೇ. ಹಾಗೆ ಹೇಳಿ ಸುಮ್ಮನಿರದೆ, ಬದುಕಿರುವವರೆಗೂ ಅದನ್ನು ಕೆಡವುತ್ತ, ಕಟ್ಟುತ್ತ ಇದ್ದರು. ಇಂದು ಅಭಿಮಾನಿಗಳು ತಮಾಷೆಯ ಮಾತುಗಳಿಗಾಗಿಯೇ ಮೆಚ್ಚುವ ಜಂಗಲ್ ಕ್ರೂಸ್ ದೋಣಿ ಸವಾರಿ ಆರಂಭದಲ್ಲಿ ಗಂಭೀರವಾದ ವನ್ಯಜೀವಿ ಪರಿಚಯವಾಗಿತ್ತು. 1962ರಲ್ಲಿ ಮಾರ್ಕ್ ಡೇವಿಸ್ ಎಂಬ ಕಲಾವಿದರ ಕಲ್ಪನೆಯಂತೆ ಸ್ನಾನ ಮಾಡುವ ಆನೆಗಳ ಕೊಳ ಅಲ್ಲಿ ಸೇರಿಕೊಂಡಿತು, ಆ ಕಾಲದಿಂದಲೇ ಸವಾರಿಗೆ ನಗು ಬಂತು. ಅಂದರೆ ನಾವು ಮೂಲವೆಂದು ಕಾಪಾಡಹೊರಟಿರುವುದು ಒಂದು ತಿದ್ದುಪಡಿಯನ್ನು. ಹಾಗೆಯೇ, ಈಗ ಯಾರೂ ಮುಟ್ಟಬಾರದೆಂದು ಎಲ್ಲರೂ ಹೇಳುವ ಬಿಗ್ ಥಂಡರ್ ಮೌಂಟನ್ ಎಂಬ ರೋಲರ್ ಕೋಸ್ಟರ್ 1979ರಲ್ಲಿ ಎದ್ದದ್ದು, ಎರಡು ವರ್ಷ ಹಿಂದೆ ಮುಚ್ಚಿದ ಹಳೆಯ ಗಣಿ ರೈಲಿನ ಜಾಗದಲ್ಲಿ. ಆ ಗಣಿ ರೈಲಿಗೂ ಅದರದೇ ಅಭಿಮಾನಿಗಳಿದ್ದರು.

ಆದರೆ ವಾಲ್ಟ್ ಕೂಡ ಬದಲಿಸುತ್ತಿದ್ದರು ಎಂಬ ಒಂದೇ ಮಾತಿನಿಂದ ಎಲ್ಲ ಬದಲಾವಣೆಗಳನ್ನೂ ಸಮರ್ಥಿಸುವುದು ಕಂಪನಿಗಳಿಗೆ ಬಹಳ ಅನುಕೂಲವಾದ ವಾದ, ಅದನ್ನೂ ಒಪ್ಪಬೇಕಾಗಿಲ್ಲ. ಒಂದೊಂದು ತಿದ್ದುಪಡಿಯನ್ನೂ ಬೇರೆ ಬೇರೆಯಾಗಿಯೇ ತೂಗಬೇಕು. ಪೈರೇಟ್ಸ್ ಆಫ್ ದ ಕ್ಯಾರಿಬಿಯನ್ ಎಂಬ ಕಡಲ್ಗಳ್ಳರ ದೋಣಿ ಸವಾರಿ ಇದಕ್ಕೆ ಒಳ್ಳೆಯ ಉದಾಹರಣೆ. ವಾಲ್ಟ್ ಡಿಸ್ನಿ 1966ರ ಡಿಸೆಂಬರಿನಲ್ಲಿ ತೀರಿಕೊಂಡರು, ಆ ಸವಾರಿ 1967ರ ಮಾರ್ಚ್‌ನಲ್ಲಿ ತೆರೆಯಿತು. ಅಂದಿನಿಂದ ಅದಕ್ಕೆ ಮೂರು ದೊಡ್ಡ ತಿದ್ದುಪಡಿಗಳಾಗಿವೆ. ಕಡಲ್ಗಳ್ಳರು ಹೆಂಗಸರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ದೃಶ್ಯವನ್ನು 1997ರಲ್ಲಿ, ಅವರು ಊಟದ ತಟ್ಟೆಯ ಹಿಂದೆ ಓಡುವಂತೆ ಬದಲಿಸಿದರು. 2006ರಲ್ಲಿ ಇದೇ ಸವಾರಿಯ ಹೆಸರಿನಲ್ಲಿ ಬಂದ ಚಲನಚಿತ್ರಗಳ ನಾಯಕ ಜಾಕ್ ಸ್ಪ್ಯಾರೋನ ಬೊಂಬೆಗಳನ್ನು ಸೇರಿಸಿದರು. 2018ರಲ್ಲಿ ಹೆಂಗಸರನ್ನು ಹರಾಜು ಹಾಕುವ ದೃಶ್ಯವನ್ನು ತೆಗೆದು, ಹರಾಜಿಗೆ ನಿಂತಿದ್ದ ಕೆಂಪು ಕೂದಲಿನವಳನ್ನೇ ಕಡಲ್ಗಳ್ಳಿಯನ್ನಾಗಿ ಮಾಡಿದರು.

ಅಭಿಮಾನಿಗಳು ಹೆಚ್ಚು ಜಗಳವಾಡಿದ್ದು ಮೂರನೆಯದರ ಬಗ್ಗೆ. ನನ್ನ ಅಭಿಪ್ರಾಯದಲ್ಲಿ ಸವಾರಿಗೆ ನಿಜವಾಗಿ ಪೆಟ್ಟು ಬಿದ್ದದ್ದು ಎರಡನೆಯದರಿಂದ. ಹರಾಜಿನ ದೃಶ್ಯದಲ್ಲಿ ನಗುವಂಥದ್ದು ಏನೂ ಇರಲಿಲ್ಲ, ಅದು ಹೋದರೂ ಸವಾರಿಯ ನಡಿಗೆ ಹಾಗೆಯೇ ಉಳಿಯಿತು. ಮೂಲ ಸವಾರಿಗೆ ಕಥಾನಾಯಕನೇ ಇರಲಿಲ್ಲ ಎಂಬುದು ಅದರ ಜೀವಾಳ: ಉರಿಯುತ್ತಿರುವ ಊರಿನ ನಡುವೆ ದೋಣಿಯಲ್ಲಿ ಕುಳಿತು ಸಾಗುವ ನೀವೇ ಅದರ ಸಾಕ್ಷಿ. ಪರಿಚಿತ ಮುಖವೊಂದನ್ನು ಮೂರು ಕಡೆ ಇಟ್ಟ ಮೇಲೆ ಕಣ್ಣು ಊರನ್ನು ನೋಡುವುದನ್ನು ಬಿಟ್ಟು ಅವನನ್ನು ಹುಡುಕತೊಡಗುತ್ತದೆ.

ಪ್ರಶ್ನೆ: ಸ್ಪ್ಲ್ಯಾಶ್ ಮೌಂಟನ್ ನನ್ನ ಅಚ್ಚುಮೆಚ್ಚಿನ ರೈಡ್ ಆಗಿತ್ತು. ಅದನ್ನು ತೆಗೆದದ್ದು ಅನ್ಯಾಯವೆಂದರೆ ಜನರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ನಾನು ದುಃಖಪಡುವುದೇ ತಪ್ಪೇ?

ಉತ್ತರ: ದುಃಖ ತಪ್ಪಲ್ಲ, ಆದರೆ ಅದರ ಜೊತೆಗೆ ಕಾರಣವನ್ನೂ ತಿಳಿದಿರಬೇಕು. 1989ರಲ್ಲಿ ಡಿಸ್ನಿಲ್ಯಾಂಡಿನಲ್ಲೂ 1992ರಲ್ಲಿ ಫ್ಲೋರಿಡಾ ಮತ್ತು ಟೋಕಿಯೊಗಳಲ್ಲೂ ತೆರೆದ ಈ ದೋಣಿ ರೈಡ್ ನಿಂತದ್ದು 1946ರ ಸಾಂಗ್ ಆಫ್ ದ ಸೌತ್ ಚಿತ್ರದ ಪ್ರಾಣಿಕಥೆಗಳ ಮೇಲೆ. ಗುಲಾಮಗಿರಿಯ ನಂತರದ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪುಜನರ ಬದುಕನ್ನು ಸುಖಮಯವೆಂಬಂತೆ ತೋರಿಸಿತೆಂಬ ಟೀಕೆ ಆ ಚಿತ್ರಕ್ಕೆ ಬಿಡುಗಡೆಯಾದಾಗಲೇ ಬಂದಿತ್ತು, ಅಮೆರಿಕದಲ್ಲಿ ಅದನ್ನು ಮನೆಯಲ್ಲಿ ನೋಡುವ ವಿಡಿಯೊ ರೂಪದಲ್ಲಿ ಕಂಪನಿ ಒಮ್ಮೆಯೂ ಹೊರತಂದಿಲ್ಲ. ತಾನೇ ತೋರಿಸಲು ಹಿಂಜರಿಯುವ ಚಿತ್ರದ ಮೇಲೆ ಬೆಟ್ಟದಷ್ಟು ದೊಡ್ಡ ರೈಡನ್ನು ನಡೆಸುವುದು ಬಹಳ ಕಾಲ ಸಾಧ್ಯವಿರಲಿಲ್ಲ. 2020ರ ಜೂನ್‌ನಲ್ಲಿ ಬದಲಾವಣೆಯನ್ನು ಪ್ರಕಟಿಸಿ, 2023ರಲ್ಲಿ ಅಮೆರಿಕದ ಎರಡೂ ಕಡೆ ಮುಚ್ಚಿ, 2024ರಲ್ಲಿ ಟಿಯಾನಾ ಎಂಬ ರಾಜಕುಮಾರಿಯ ಹೆಸರಿನಲ್ಲಿ ಮತ್ತೆ ತೆರೆದರು. ಟೋಕಿಯೊದಲ್ಲಿ ಹಳೆಯದೇ ಇದೆ.

ಇಲ್ಲೊಂದು ಸ್ವಾರಸ್ಯವಿದೆ. ಡಿಸ್ನಿಲ್ಯಾಂಡಿನ ಸ್ಪ್ಲ್ಯಾಶ್ ಮೌಂಟನ್‌ನಲ್ಲಿ ಹಾಡುತ್ತಿದ್ದ ಹಲವು ಯಂತ್ರಬೊಂಬೆಗಳು ಅದಕ್ಕಾಗಿ ಮಾಡಿದವಲ್ಲ. 1974ರಿಂದ 1988ರವರೆಗೆ ನಡೆದ ಅಮೆರಿಕ ಸಿಂಗ್ಸ್ ಎಂಬ ಪ್ರದರ್ಶನವನ್ನು ಮುಚ್ಚಿ ಅಲ್ಲಿಯ ಬೊಂಬೆಗಳನ್ನು ಇಲ್ಲಿಗೆ ತಂದಿದ್ದರು. ನಿಮ್ಮ ಪ್ರೀತಿಯ ರೈಡ್ ಇನ್ನೊಬ್ಬರ ಪ್ರೀತಿಯ ಪ್ರದರ್ಶನದ ಅವಶೇಷಗಳಿಂದ ಆದದ್ದು.

ನಿಮ್ಮ ದೂರಿನಲ್ಲಿ ಗಟ್ಟಿಯಾದ ಭಾಗವೊಂದಿದೆ, ಅದು ರಾಜಕೀಯಕ್ಕೆ ಸಂಬಂಧಿಸಿದ್ದಲ್ಲ. ನೀರಿನ ಕಾಲುವೆಯೂ ಕೊನೆಯ ಸುಮಾರು 52 ಅಡಿಗಳ ಬೀಳುವಿಕೆಯೂ ಮೊದಲಿನಂತೆಯೇ ಇವೆ. ಹಳೆಯ ಕಥೆಯಲ್ಲಿ ನರಿ ಮೊಲವನ್ನು ಹಿಡಿದು ಮುಳ್ಳುಪೊದೆಗೆ ಎಸೆಯುವ ಕ್ಷಣಕ್ಕೆ ಸರಿಯಾಗಿ ದೋಣಿ ಕೆಳಗೆ ಧುಮುಕುತ್ತಿತ್ತು. ಮೊಲದ ಭಯವೇ ನಿಮ್ಮ ಭಯವಾಗುತ್ತಿತ್ತು. ಹೊಸ ಕಥೆಯಲ್ಲಿ ಹಬ್ಬದ ಸಂತೋಷಕೂಟಕ್ಕೆ ವಾದ್ಯಗಾರರನ್ನು ಹುಡುಕುತ್ತ ಹೊರಟು, ಮಂತ್ರಕ್ಕೆ ಸಿಕ್ಕು ಕುಗ್ಗಿ, ಮತ್ತೆ ಮೊದಲಿನ ಗಾತ್ರಕ್ಕೆ ಬರಲು ಧುಮುಕಬೇಕು. ಬೊಂಬೆಗಳು ಹಳೆಯವಕ್ಕಿಂತ ಎಷ್ಟೋ ಸಹಜವಾಗಿ ಚಲಿಸುತ್ತವೆ, ಹಾಡುಗಳೂ ಇಂಪಾಗಿವೆ, ಆದರೆ ಯಾರಿಗೂ ಏನೂ ಅಪಾಯವಿಲ್ಲದ ಕಥೆಯ ಕೊನೆಗೆ ಅಷ್ಟು ಎತ್ತರದಿಂದ ಬೀಳುವುದು ಏಕೆಂದು ಕಥೆ ಸರಿಯಾಗಿ ಹೇಳುವುದಿಲ್ಲ. ತೆಗೆದದ್ದು ಸರಿ, ತುಂಬಿಸಿದ್ದು ಸಾಲದು ಎಂದು ಹೇಳಿ ನೋಡಿ. ಆಗ ಅನುಮಾನದಿಂದ ನೋಡುವವರೂ ಕಿವಿಗೊಡಬಹುದು.

ಪ್ರಶ್ನೆ: ಅಭಿಮಾನಿಗಳ ಪ್ರತಿಭಟನೆಯಿಂದ ಒಂದಾದರೂ ರೈಡ್ ಉಳಿದಿದೆಯೇ, ಅಥವಾ ಪತ್ರ ಬರೆದು ಕೈ ನೋಯಿಸಿಕೊಳ್ಳುವುದಷ್ಟೇ ನಮ್ಮ ಪಾಲೇ?

ಉತ್ತರ: ಮುಚ್ಚುವುದನ್ನು ತಡೆದ ಉದಾಹರಣೆಗಳು ಕಡಿಮೆ, ಕೆಟ್ಟ ಬದಲಾವಣೆಯನ್ನು ಹಿಂದೆ ಸರಿಸಿದ ಉದಾಹರಣೆಗಳು ಇವೆ. ಮ್ಯಾಜಿಕ್ ಕಿಂಗ್‌ಡಂನ ಮಿಸ್ಟರ್ ಟೋಡ್ ರೈಡ್ ಉಳಿಸಲು ಅಭಿಮಾನಿಗಳು ಹಸಿರು ಅಂಗಿ ತೊಟ್ಟು ಉದ್ಯಾನದೊಳಗೇ ಸೇರಿ ಪ್ರತಿಭಟಿಸಿದರೂ ಅದು 1998ರ ಸೆಪ್ಟೆಂಬರಿನಲ್ಲಿ ಮುಚ್ಚಿಯೇ ಹೋಯಿತು. ಎಪ್ಕಾಟ್‌ನ (ಫ್ಲೋರಿಡಾದಲ್ಲೇ ಇರುವ ಡಿಸ್ನಿಯ ಇನ್ನೊಂದು ಉದ್ಯಾನ) ಕಲ್ಪನಾಲೋಕದ ಸವಾರಿಯ ವಿಷಯದಲ್ಲಿ ಹಾಗಾಗಲಿಲ್ಲ. 1983ರಿಂದ ಅಲ್ಲಿದ್ದ ಫಿಗ್‌ಮೆಂಟ್ ಎಂಬ ನೇರಳೆ ಬಣ್ಣದ ಪುಟ್ಟ ಡ್ರ್ಯಾಗನ್‌ನನ್ನು 1999ರಲ್ಲಿ ಹೆಚ್ಚುಕಡಿಮೆ ಕಾಣದಂತೆ ಮಾಡಿದರು, ಜನ ಅಷ್ಟು ಸಿಟ್ಟಾದರೆಂದರೆ ಎರಡೇ ವರ್ಷಕ್ಕೆ ಹೊಸ ರೂಪವನ್ನು ಮುಚ್ಚಿ, 2002ರಲ್ಲಿ ಡ್ರ್ಯಾಗನ್‌ನೊಂದಿಗೆ ಮತ್ತೆ ತೆರೆದರು. ಆದರೂ ಮೂಲ ಸವಾರಿಯ ಸೊಗಸು ಮರಳಿತೆಂದು ಹೇಳುವವರು ವಿರಳ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಎಲ್ಲಕ್ಕಿಂತ ವಿಚಿತ್ರವಾದದ್ದು ಟಿಕಿ ರೂಮ್‌ನ ಕಥೆ. ಯಂತ್ರಬೊಂಬೆಗಳ ಹಕ್ಕಿಗಳು ಹಾಡುವ ಈ ಪ್ರದರ್ಶನ 1963ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಮೊದಲಾಯಿತು. ಫ್ಲೋರಿಡಾದಲ್ಲಿದ್ದ ಅದರ ಜೊತೆಗಾರ ಪ್ರದರ್ಶನಕ್ಕೆ 1998ರಲ್ಲಿ ಚಲನಚಿತ್ರಗಳ ಎರಡು ಹಕ್ಕಿಗಳನ್ನು ಯಜಮಾನರಾಗಿ ತಂದು ಕೂರಿಸಿದರು. ಅವು ಹಳೆಯ ಹಾಡನ್ನೇ ಗೇಲಿ ಮಾಡುತ್ತಿದ್ದವು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಭಿಮಾನಿಗಳ ಗೊಣಗಾಟ ಮಾಡಲಾಗದ ಕೆಲಸವನ್ನು 2011ರ ಜನವರಿಯಲ್ಲಿ ಅಲ್ಲಿ ಬಿದ್ದ ಸಣ್ಣ ಬೆಂಕಿ ಮಾಡಿತು: ದುರಸ್ತಿಗಾಗಿ ಮುಚ್ಚಿದ ಪ್ರದರ್ಶನವನ್ನು ಅದೇ ವರ್ಷ ಹಳೆಯ ರೂಪದಲ್ಲಿಯೇ, ತುಸು ಮೊಟಕುಗೊಳಿಸಿ, ತೆರೆದರು. ಬೆಂಕಿಯನ್ನು ಯಾರಿಗೂ ಶಿಫಾರಸು ಮಾಡುತ್ತಿಲ್ಲ. ಆದರೆ ಆ ಗೊಣಗಾಟ ಇರದಿದ್ದರೆ, ದುರಸ್ತಿಯ ಸಮಯ ಬಂದಾಗ ಯಾವ ರೂಪಕ್ಕೆ ಮರಳಬೇಕೆಂಬುದು ಅವರಿಗೂ ಹೊಳೆಯುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ.

ಪ್ರಶ್ನೆ: ಹಳೆಯದನ್ನು ಹಾಗೆಯೇ ಇಟ್ಟುಕೊಂಡು ನಡೆಸಲು ಏನು ಅಡ್ಡಿ?

ಉತ್ತರ: ಹಾಗೆಯೇ ಇಡುವುದೆಂಬುದು ಯಂತ್ರಗಳ ಲೋಕದಲ್ಲಿಲ್ಲ. ಮರದ ರೋಲರ್ ಕೋಸ್ಟರ್‌ನ ಹಲಗೆಗಳನ್ನು ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತಲೇ ಇರಬೇಕು. 1927ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಕಟ್ಟಿದ ಸೈಕ್ಲೋನ್ ಇಂದಿಗೂ ಓಡುತ್ತಿರುವುದು ಹಾಗೆ ಬದಲಿಸುತ್ತ ಬಂದಿರುವುದರಿಂದಲೇ. ಕೋಪನ್‌ಹೇಗನ್‌ನ ಟಿವೊಲಿ ಉದ್ಯಾನದ 1914ರ ಕೋಸ್ಟರ್‌ನಲ್ಲಿ ಬ್ರೇಕ್ ಹಿಡಿಯಲು ಈಗಲೂ ಒಬ್ಬ ಮನುಷ್ಯ ಗಾಡಿಯಲ್ಲೇ ಕುಳಿತಿರುತ್ತಾನೆ. ಅಂಥವರನ್ನು ತರಬೇತುಗೊಳಿಸಿ ಸಂಬಳ ಕೊಡುವ ಮನಸ್ಸು ಆಡಳಿತಕ್ಕೆ ಇರಬೇಕು. ಕಾನೂನಿನ ರಕ್ಷಣೆಯೂ ಒಂದು ಮಟ್ಟದವರೆಗೆ ಮಾತ್ರ. ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿದ್ದ 1920ರ ಸೀನಿಕ್ ರೈಲ್ವೆ ಎಂಬ ಮರದ ಕೋಸ್ಟರನ್ನು 2002ರಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿಸಿದ್ದರೂ, 2008ರಲ್ಲಿ ಯಾರೋ ಇಟ್ಟ ಬೆಂಕಿಗೆ ಅದರ ದೊಡ್ಡ ಭಾಗ ಸುಟ್ಟುಹೋಯಿತು, ಮತ್ತೆ ಓಡಲು 2015ರವರೆಗೆ ಕಾಯಬೇಕಾಯಿತು. ಕೆಡವಬೇಡವೆಂದು ಕಾನೂನು ಹೇಳಬಹುದು, ಓಡಿಸೆಂದು ಒತ್ತಾಯಿಸುವುದು ಅದಕ್ಕೆ ಕಷ್ಟ. ಆದ್ದರಿಂದ ಪ್ರಕಟಣೆ ಹೊರಡಿಸಿ ಮಾಡುವ ಬದಲಾವಣೆಗಿಂತ, ಸದ್ದಿಲ್ಲದೆ ನಡೆಯುವ ಅಲಕ್ಷ್ಯವನ್ನು ಗಮನಿಸಿರಿ: ನಿಂತುಹೋದ ಬೊಂಬೆ, ಆರಿದ ದೀಪ, ಕೆಟ್ಟು ವರ್ಷವಾದರೂ ಸರಿಯಾಗದ ದೃಶ್ಯಚಮತ್ಕಾರ. ರೈಡ್ ತೆಗೆಯಲು ಕಾರಣ ಬೇಕಾದಾಗ ಅವೇ ಸಾಕ್ಷಿಗಳಾಗಿ ಬರುತ್ತವೆ.

ಪ್ರಶ್ನೆ: ಮ್ಯಾಜಿಕ್ ಕಿಂಗ್‌ಡಂನ ನದಿ ಹೋಯಿತೆಂದು ಬೇಸರಪಟ್ಟರೆ ಮನೆಯವರು ನಗುತ್ತಾರೆ. ಅಲ್ಲಿ ನಿಧಾನವಾಗಿ ಹೋಗುವ ಒಂದು ಹಡಗು, ಒಂದು ದ್ವೀಪ ಬಿಟ್ಟರೆ ಏನಿತ್ತು ಎನ್ನುತ್ತಾರೆ. ಅವರಿಗೆ ಏನು ಹೇಳಲಿ? ಮುಂದಿನ ವರ್ಷ ಮಗಳನ್ನು ಕರೆದುಕೊಂಡು ಹೋಗುವ ಯೋಚನೆಯೂ ಇದೆ. ಇನ್ನು ಹೋಗಿ ಪ್ರಯೋಜನವಿದೆಯೇ?

ಉತ್ತರ: ಬಂದ ಪತ್ರಗಳಲ್ಲಿ ನಿಮ್ಮದೇ ಅತ್ಯಂತ ಸಕಾರಣವಾದ ಆತಂಕ. 1971ರಲ್ಲಿ ಉದ್ಯಾನದೊಡನೆ ತೆರೆದ ಆ ನದಿಯಲ್ಲಿ ಹಡಗು ನೀರಿನಡಿಯ ಕಂಬಿಯ ಮೇಲೆ ಸುತ್ತುತ್ತಿತ್ತು, 1973ರಿಂದ ನಡುವಿನ ಟಾಮ್ ಸಾಯರ್ ದ್ವೀಪದಲ್ಲಿ ಮಕ್ಕಳು ಗುಹೆಗಳಲ್ಲಿ ಓಡಾಡುತ್ತಿದ್ದರು. ಸಾಲಿಲ್ಲ, ಬೆಲ್ಟ್ ಇಲ್ಲ, ನಿಗದಿಯಾದ ನಿಮಿಷಗಳಿಲ್ಲ. ಈಗ ಅಲ್ಲಿ ಮಾತನಾಡುವ ಕಾರುಗಳ ಚಲನಚಿತ್ರದ ಜಗತ್ತು ಏಳುತ್ತಿದೆ. ಅದು ಚೆನ್ನಾಗಿಯೇ ಆಗಬಹುದು. ಆದರೆ ಒಂದು ರೈಡಿನ ಜಾಗಕ್ಕೆ ಇನ್ನೊಂದು ರೈಡ್ ಬರುವುದು ಒಂದು ಬಗೆ, ಉದ್ಯಾನದಲ್ಲಿ ಸುಮ್ಮನಿರಲು ಇದ್ದ ಜಾಗಕ್ಕೆ ರೈಡ್ ಬರುವುದು ಬೇರೆಯೇ ಬಗೆ. ಹರಿವ ನೀರು, ಎದುರು ದಡದ ಮರಗಳು, ದೂರದಲ್ಲಿ ಹಡಗಿನ ಸಿಳ್ಳೆ, ಇವುಗಳಿಂದಲೇ ಸುತ್ತಲಿನ ಗದ್ದಲದ ರೈಡ್‌ಗಳಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಇಂಥ ಜಾಗದ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಕುಳಿತವರನ್ನು ಯಾರೂ ಎಣಿಸುವುದಿಲ್ಲ.

ಜಾಗದ ಕೊರತೆಯೇ ಕಾರಣವೆಂದು ಮನೆಯವರು ವಾದಿಸಿದರೆ ಡಿಸ್ನಿಲ್ಯಾಂಡಿನ ನದಿಯನ್ನು ನೆನಪಿಸಿರಿ. ಅಲ್ಲಿಯೂ 2016ರ ಜನವರಿಯಲ್ಲಿ ಹೊಸ ವಿಭಾಗಕ್ಕಾಗಿ ನದಿಯನ್ನು ಮುಚ್ಚಿದ್ದರು. ಆದರೆ ಅದನ್ನು ಮೊಟಕುಗೊಳಿಸಿ, ಹೊಸ ಬಂಡೆಗಳನ್ನೂ ಜಲಪಾತಗಳನ್ನೂ ಕಟ್ಟಿ, 2017ರ ಬೇಸಿಗೆಯಲ್ಲಿ ಹಡಗನ್ನು ಮತ್ತೆ ಹರಿಯಬಿಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಕಂಪನಿಗೆ ಇರುವ ಒಟ್ಟು ನೆಲ ಸುಮಾರು 500 ಎಕರೆ, ಫ್ಲೋರಿಡಾದಲ್ಲಿ ಸುಮಾರು 25,000 ಎಕರೆ. ಇಕ್ಕಟ್ಟಿನಲ್ಲಿದ್ದವರು ನದಿಯನ್ನು ಉಳಿಸಿಕೊಂಡರು.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. ನೀವು ಕಂಡದ್ದನ್ನೇ ಅವಳು ಕಾಣಬೇಕೆಂದು ಹಟ ಹಿಡಿಯಬೇಡಿ, ಅವಳ ಪಾಲಿಗೆ ಈಗ ಇರುವುದೇ ಮೂಲ. ಕ್ಯಾಲಿಫೋರ್ನಿಯಾದ ಕಡೆಗೆ ಹೋದರೆ ಒಂದು ಚಿಕ್ಕ ಕೆಲಸ ಮಾಡಿ. ಅಲ್ಲಿ 1972ರಿಂದ ಹಾಡುತ್ತಿದ್ದ ಕರಡಿಗಳ ಪ್ರದರ್ಶನವನ್ನು 2001ರಲ್ಲಿ ಮುಚ್ಚಿ, 2003ರಲ್ಲಿ ವಿನ್ನಿ ದ ಪೂ ಸವಾರಿಯನ್ನು ತೆರೆದರು. ಆ ಸವಾರಿಯಲ್ಲಿ, ಪೂ ಕನಸು ಕಾಣುವ ಕೋಣೆಯನ್ನು ದಾಟಿದ ಕೂಡಲೇ ಗಾಡಿಯಲ್ಲಿ ಕುಳಿತೇ ಹಿಂದಕ್ಕೆ ತಿರುಗಿ ಮೇಲೆ ನೋಡಬೇಕು. ಹಳೆಯ ಪ್ರದರ್ಶನದ ಗೋಡೆಯಲ್ಲಿ ಮಾತನಾಡುತ್ತಿದ್ದ ಜಿಂಕೆ, ಕಾಡೆಮ್ಮೆ ಮತ್ತು ಮೂಸ್‌ಗಳ ಮೂರು ತಲೆಗಳನ್ನು ಹೊಸ ಸವಾರಿ ಕಟ್ಟಿದವರು ಅಲ್ಲಿ ಕತ್ತಲಲ್ಲಿ ತೂಗುಹಾಕಿದ್ದಾರೆ. ಮುಂದೆ ನೋಡುತ್ತ ಕುಳಿತವರಿಗೆ ಅವು ಕಾಣುವುದಿಲ್ಲ, ಮಗಳಿಗೆ ಮೊದಲೇ ಹೇಳಿಡಿ.