ಮಂಡಿ ಸವೆತ ಬರೀ ವಯಸ್ಸಿನ ನೋವಾ?

ಅಷ್ಟೇ ಅಲ್ಲ. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ (ಕಾರ್ಟಿಲೇಜ್, ಅಂದರೆ ಮೂಳೆಗಿಂತ ಮೆತ್ತಗಿನ ಪದರ) ಹೊದಿಕೆ ಇರುತ್ತದೆ. ಅದಕ್ಕೆ ರಕ್ತನಾಳವೇ ಇಲ್ಲ, ಹಾಗಾಗಿ ಒಮ್ಮೆ ಸವೆದರೆ ಮತ್ತೆ ಸರಿಯಾಗಿ ಬೆಳೆಯುವುದಿಲ್ಲ. ಆಮೇಲೆ ಕೀಲು ಊದುತ್ತದೆ, ಅಂಚಿನಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆಯುತ್ತದೆ, ನೋವಿಗೆ ಹೆದರಿ ನಡೆಯೋದನ್ನೇ ಬಿಟ್ಟರೆ ತೊಡೆಯ ಸ್ನಾಯು ಸೊರಗಿ ಮಂಡಿಗೆ ಇನ್ನೂ ಕಷ್ಟ. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರಿಗೆ, ತೂಕ ಜಾಸ್ತಿ ಇರುವವರಿಗೆ ಇದು ಬೇಗ ಬರಬಹುದು. 1 ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು 4 ಕಿಲೋ ಭಾರ ಕಡಿಮೆ! ಸುಮ್ನೆ ಮಲಗಬೇಡಿ, ನಿಧಾನವಾಗಿ ನಡೆಯಿರಿ.

ಒಂದು ಮಾತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಲ್ವಾ, ಅದರಿಂದಲೂ ಬೆನ್ನು, ಕೀಲು ಬಿಗಿಯುತ್ತವೆ. ಯಾವ ನೀರು ಕುಡಿಯುತ್ತೀರಿ ಅಂತ ಡಾಕ್ಟರಿಗೆ ತಪ್ಪದೆ ಹೇಳಿ.